ಅಮ್ಮನ ಟಿಎಸ್‌ಎಚ್ ನಾರ್ಮಲ್ ಬಂತು ಅಂತ ಮಾತ್ರೆ ನಿಲ್ಲಿಸಿದ್ದಾರೆ. ಈ ಹಾರ್ಮೋನ್ ಲೆಕ್ಕ ಯಾರಾದರೂ ಬಿಡಿಸಿ ಹೇಳುತ್ತೀರಾ?

ಹುಳಮನೆ_ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟ ಹತ್ತಿರದ ಹಳ್ಳಿ, ರೇಷ್ಮೆ ಹುಳ ಸಾಕುವ ಮನೆ. ಅಮ್ಮ ಕೆಲವು ವರ್ಷಗಳಿಂದ ಬೆಳಗ್ಗೆ ಎದ್ದು ಥೈರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದರು. ಈಗ ರಕ್ತ ಪರೀಕ್ಷೆ ಮಾಡಿಸಿದಾಗ ಟಿಎಸ್‌ಎಚ್ ನಾರ್ಮಲ್ ಅಂತ ಬಂತು. ಅಕ್ಕಪಕ್ಕದವರು "ವಾಸಿ ಆಯ್ತಲ್ಲ, ಇನ್ನು ಯಾಕೆ ಮಾತ್ರೆ, ಜಾಸ್ತಿ ದಿನ ತಗೊಂಡರೆ ಕಿಡ್ನಿಗೆ ಹೊಡೆತ" ಅಂದರು. ಅಮ್ಮ ನಿಲ್ಲಿಸಿಬಿಟ್ಟಿದ್ದಾರೆ. ನಾನು ಬೇಡ ಅಂದರೆ, "ನೋಡು, ಬಿಟ್ಟು ವಾರ ಆಯ್ತು, ಏನಾದರೂ ಆಗಿದೆಯಾ?" ಅಂತ ನನ್ನನ್ನೇ ಕೇಳುತ್ತಾರೆ. ನನ್ನ ಹತ್ತಿರ ಉತ್ತರ ಇಲ್ಲ.

ಇನ್ನೊಂದು. ತಮ್ಮ ಎಸ್ಸೆಸ್ಸೆಲ್ಸಿ. ಅವನ ವಿಜ್ಞಾನ ಪುಸ್ತಕದಲ್ಲಿ ಗ್ರಂಥಿಗಳ ಚಿತ್ರ ಇದೆ. ಅಮ್ಮನ ಹಳೇ ರಿಪೋರ್ಟ್ ನೋಡಿ, "ಟಿಎಸ್‌ಎಚ್ ಜಾಸ್ತಿ ಇದ್ದರೆ ಥೈರಾಯ್ಡ್ ಕಮ್ಮಿ ಅಂತ ಯಾಕೆ ಹೇಳುತ್ತಾರೆ? ಉಲ್ಟಾ ಅಲ್ವಾ?" ಅಂತ ಕೇಳಿದ. ನಮ್ಮೂರಲ್ಲಿ ಕೂದಲು ಉದುರಿದರೂ ಹಾರ್ಮೋನ್, ದಪ್ಪ ಆದರೂ ಹಾರ್ಮೋನ್, ಸಿಟ್ಟು ಬಂದರೂ ಹಾರ್ಮೋನ್. ಒಂದು ಸಲ ಸರಿಯಾಗಿ ತಿಳ್ಕೊಳ್ಳಬೇಕು ಅನ್ನಿಸಿದೆ. ಗೊತ್ತಿರುವವರು ದಯವಿಟ್ಟು ಬರೆಯಿರಿ.

ಡ್ಯೂಟಿ_ಸಿಸ್ಟರ್_ಕೋಲಾರ

ತಂಗಿ, ಮೊದಲು ಮಾತ್ರೆ ವಿಷಯ. ಅದು ತಡ ಮಾಡುವಂಥದ್ದಲ್ಲ.

ಟಿಎಸ್‌ಎಚ್ ನಾರ್ಮಲ್ ಬಂದಿದ್ದು ಮಾತ್ರೆ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ. ಗ್ರಂಥಿ ವಾಸಿ ಆಯ್ತು ಅನ್ನುವುದಕ್ಕಲ್ಲ. ಅಮ್ಮನ ವಯಸ್ಸಿನ ಹೆಂಗಸರಲ್ಲಿ ಥೈರಾಯ್ಡ್ ಕಮ್ಮಿ ಆಗಲು ಮುಖ್ಯ ಕಾರಣ, ಸೋಂಕಿನ ಜೊತೆ ಹೋರಾಡಬೇಕಾದ ರೋಗನಿರೋಧಕ ಶಕ್ತಿ ತನ್ನದೇ ಗ್ರಂಥಿಯ ಮೇಲೆ ತಿರುಗಿ ಬೀಳುವುದು. ಜಪಾನಿನ ಹಶಿಮೊಟೊ ಅನ್ನುವ ವೈದ್ಯರು 1912ರಲ್ಲಿ ಇದನ್ನು ಮೊದಲು ಬರೆದರು, ಅದಕ್ಕೇ ಅವರ ಹೆಸರು ಬಂತು. ಹಾಗೆ ಹಾಳಾದ ಗ್ರಂಥಿ ಸಾಮಾನ್ಯವಾಗಿ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ಕೆಲವರಿಗೆ ಹೆರಿಗೆ ಆದ ಮೇಲೆ ತಾತ್ಕಾಲಿಕವಾಗಿ ಬಂದು ಹೋಗುವ ಥೈರಾಯ್ಡ್ ತೊಂದರೆ ಇರುತ್ತದೆ, ಅಂಥವರಿಗೆ ಡಾಕ್ಟರೇ ಮಾತ್ರೆ ಕಮ್ಮಿ ಮಾಡುತ್ತಾ ಬಂದು ನಿಲ್ಲಿಸಿ ನೋಡುತ್ತಾರೆ. ಅಕ್ಕಪಕ್ಕದವರ ಮಾತಿಗೆ ನಿಲ್ಲಿಸುವುದಲ್ಲ.

ಇನ್ನು "ವಾರ ಆಯ್ತು, ಏನೂ ಆಗಿಲ್ಲ" ಅನ್ನುವುದು. ಈ ಮಾತ್ರೆಯಲ್ಲಿ ಇರುವುದು ಥೈರಾಕ್ಸಿನ್. ದೇಹದಲ್ಲಿ ಅದು ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು. ಅಂದರೆ ಅಮ್ಮ ಇನ್ನೂ ಹಳೇ ಮಾತ್ರೆಯ ಬಲದಲ್ಲೇ ಓಡಾಡುತ್ತಿದ್ದಾರೆ. ಸುಸ್ತು, ಮಲಬದ್ಧತೆ, ಚಳಿ ತಡೆಯಲಾಗದಿರುವುದು, ಒಣ ಚರ್ಮ, ಮುಖ ಊದಿಕೊಳ್ಳುವುದು ಇದೆಲ್ಲ ನಿಧಾನವಾಗಿ ಬರುತ್ತದೆ. ಅಷ್ಟು ನಿಧಾನ ಅಂದರೆ ಮಾತ್ರೆ ಬಿಟ್ಟಿದ್ದಕ್ಕೂ ಇದಕ್ಕೂ ಸಂಬಂಧ ಅಂತ ಯಾರಿಗೂ ಹೊಳೆಯುವುದಿಲ್ಲ. ಕೊಬ್ಬಿನಂಶವೂ ಏರುತ್ತದೆ, ಹೃದಯದ ಬಡಿತ ನಿಧಾನ ಆಗುತ್ತದೆ.

ಕಿಡ್ನಿ ಹೋಗುತ್ತದೆ ಅನ್ನುವುದು ಸುಳ್ಳು. ಗ್ರಂಥಿ ಏನು ಕೊಡಬೇಕಿತ್ತೋ ಅದನ್ನೇ ಮಾತ್ರೆ ಕೊಡುತ್ತದೆ. ಡೋಸ್ ಜಾಸ್ತಿ ಆದರೆ ಎದೆ ಹೊಡೆದುಕೊಳ್ಳುವುದು, ಮೂಳೆ ಸವೆಯುವುದು ಆಗಬಹುದು. ಆಗಾಗ ರಕ್ತ ಪರೀಕ್ಷೆ ಹೇಳುವುದು ಅದಕ್ಕೇ. ಇವತ್ತೇ ಡಾಕ್ಟರ್‌ಗೆ ಫೋನ್ ಮಾಡಿ ಕೇಳಿ, ಮತ್ತೆ ಶುರು ಮಾಡಿಸಿ.

ಮೇಷ್ಟ್ರು_ಚಿಂತಾಮಣಿ

ಸಿಸ್ಟರ್ ಮುಖ್ಯವಾದದ್ದನ್ನು ಹೇಳಿದ್ದಾರೆ. ನಾನು ನಿಮ್ಮ ತಮ್ಮನ ಪ್ರಶ್ನೆಗೆ ಬರುತ್ತೇನೆ. ಆ ಹುಡುಗನಿಗೆ ಶಭಾಷ್ ಹೇಳಿ, ಯಾಕಂದರೆ ಇಡೀ ಪಾಠದ ತಿರುಳು ಅವನ ಪ್ರಶ್ನೆಯಲ್ಲೇ ಇದೆ.

ಟಿಎಸ್‌ಎಚ್ ಥೈರಾಯ್ಡ್ ಮಾಡುವ ಹಾರ್ಮೋನ್ ಅಲ್ಲ. ಅದನ್ನು ಮಾಡುವುದು ಪಿಟ್ಯುಟರಿ. ಮೆದುಳಿನ ಕೆಳಗೆ, ಮೂಗಿನ ಹಿಂಭಾಗಕ್ಕೆ ನೇರವಾಗಿ, ಮೂಳೆಯ ಒಂದು ಗುಂಡಿಯಲ್ಲಿ ಕೂತಿರುವ ಕಡಲೆಕಾಳು ಗಾತ್ರದ ಗ್ರಂಥಿ. ತೂಕ ಸುಮಾರು ಅರ್ಧ ಗ್ರಾಂ. ಅದು ಕತ್ತಿನಲ್ಲಿರುವ ಥೈರಾಯ್ಡ್‌ಗೆ ಟಿಎಸ್‌ಎಚ್ ಕಳಿಸಿ "ಕೆಲಸ ಮಾಡು" ಅನ್ನುತ್ತದೆ. ಥೈರಾಯ್ಡ್ ಮಾಡಿ ಬಿಡುವುದು ಟಿ4 (ಸಿಸ್ಟರ್ ಹೇಳಿದ ಥೈರಾಕ್ಸಿನ್ ಇದೇ) ಮತ್ತು ಟಿ3. ಒಂದರಲ್ಲಿ ಅಯೋಡಿನ್‌ನ 4 ಪರಮಾಣು, ಇನ್ನೊಂದರಲ್ಲಿ 3, ಅದಕ್ಕೇ ಆ ಹೆಸರು.

ಮನೆ ಮೇಲಿನ ಟ್ಯಾಂಕ್‌ಗೆ ಸೆನ್ಸರ್ ಹಾಕಿಸಿರುತ್ತಾರಲ್ಲ, ನೀರು ಕಮ್ಮಿ ಆದರೆ ಮೋಟರ್ ತಾನೇ ಓಡುತ್ತದೆ, ತುಂಬಿದರೆ ನಿಲ್ಲುತ್ತದೆ. ಟಿ4 ಅನ್ನುವುದು ಟ್ಯಾಂಕಿನ ನೀರು. ಟಿಎಸ್‌ಎಚ್ ಅನ್ನುವುದು ಮೋಟರ್ ಎಷ್ಟು ಓಡುತ್ತಿದೆ ಅನ್ನುವ ಲೆಕ್ಕ. ಮೋಟರ್ ಒಂದೇ ಸಮನೆ ಓಡುತ್ತಿದೆ ಅಂದರೆ ನೀರು ಏರುತ್ತಿಲ್ಲ ಅಂತ ಅರ್ಥ. ಅಮ್ಮನ ಹಳೇ ರಿಪೋರ್ಟಿನಲ್ಲಿ ಟಿಎಸ್‌ಎಚ್ ಜಾಸ್ತಿ ಇದ್ದದ್ದು ಇದೇ. ಪಿಟ್ಯುಟರಿ ಎಷ್ಟೇ ಒತ್ತಾಯ ಮಾಡಿದರೂ ಥೈರಾಯ್ಡ್ ಕೈಲಿ ಆಗುತ್ತಿರಲಿಲ್ಲ. ಮಾತ್ರೆಯಿಂದ ರಕ್ತದಲ್ಲಿ ಟಿ4 ಸಾಕಷ್ಟು ಆಯಿತು, ಒತ್ತಾಯ ನಿಂತಿತು, ಟಿಎಸ್‌ಎಚ್ ಇಳಿಯಿತು. ಬಹಳಷ್ಟು ಲ್ಯಾಬ್‌ಗಳಲ್ಲಿ 0.4ರಿಂದ 4ರ ಆಸುಪಾಸು ನಾರ್ಮಲ್ ಅಂತ ಬರೆದಿರುತ್ತಾರೆ.

ಪಿಟ್ಯುಟರಿಗೂ ಮೇಲೆ ಹೈಪೋಥಾಲಮಸ್ ಇದೆ, ಮೆದುಳಿನ ಭಾಗ. ಅದು ಪಿಟ್ಯುಟರಿಗೆ ಹೇಳುತ್ತದೆ, ಪಿಟ್ಯುಟರಿ ಥೈರಾಯ್ಡ್‌ಗೆ, ಕಿಡ್ನಿ ಮೇಲಿರುವ ಅಡ್ರಿನಲ್‌ಗೆ, ಅಂಡಾಶಯಕ್ಕೆ ಅಥವಾ ವೃಷಣಕ್ಕೆ ಹೇಳುತ್ತದೆ. ಕೆಳಗಿನವರ ಹಾರ್ಮೋನ್ ರಕ್ತದಲ್ಲಿ ಏರಿದಾಗ ಮೇಲಿನವರು ಸುಮ್ಮನಾಗುತ್ತಾರೆ. ಎಲ್ಲ ಗ್ರಂಥಿಗಳೂ ಈ ಸಾಲಿಗೆ ಬರುವುದಿಲ್ಲ. ಪ್ಯಾಂಕ್ರಿಯಾಸ್ ಸಕ್ಕರೆಯನ್ನೇ ನೇರವಾಗಿ ಅಳೆದು ಇನ್ಸುಲಿನ್ ಬಿಡುತ್ತದೆ. ಥೈರಾಯ್ಡ್ ಹಿಂದೆ ಅಂಟಿಕೊಂಡಿರುವ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್‌ಗಳು ರಕ್ತದ ಕ್ಯಾಲ್ಸಿಯಂ ಅಳೆಯುತ್ತವೆ. ಯಾರಿಗೆ ಯಾರು ಹೇಳುತ್ತಾರೆ, ಯಾರು ಏನನ್ನು ಅಳೆಯುತ್ತಾರೆ ಅನ್ನುವುದು ಗೊತ್ತಾದರೆ ಉರು ಹೊಡೆಯುವುದೇ ಬೇಡ. ಚಿತ್ರದಲ್ಲಿ ಹೆಸರು ಗುರುತಿಸುವುದಕ್ಕಿಂತ ಇದನ್ನು ಮಕ್ಕಳಿಗೆ ಹೇಳಿಕೊಡಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಔಷಧಿ_ಅಂಗಡಿ_ಗೌರಿಬಿದನೂರು

ಕೌಂಟರಿನಲ್ಲಿ ದಿನಾ ನೋಡುವ ವಿಷಯ ಹೇಳುತ್ತೇನೆ. ಥೈರಾಯ್ಡ್ ಮಾತ್ರೆ ಮೈಕ್ರೋಗ್ರಾಂ ಲೆಕ್ಕದ್ದು. 25, 50, 75, 100 ಅಂತ ಬರುತ್ತದೆ. ಅಷ್ಟು ಚಿಕ್ಕ ಅಳತೆ ಆದ್ದರಿಂದ ಹೇಗೆ ತಗೊಳ್ಳುತ್ತೀರಿ ಅನ್ನುವುದರ ಮೇಲೆ ತುಂಬ ನಿಂತಿದೆ. ಖಾಲಿ ಹೊಟ್ಟೆ, ಬರೀ ನೀರು, ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಏನೂ ಬೇಡ. ಕಾಫಿ ಕೂಡ ಬೇಡ. ನಮ್ಮ ಕಡೆ ಹಾಸಿಗೆಯಿಂದ ಎದ್ದ ತಕ್ಷಣ ಕಾಫಿ ಬೇಕು, ಮಾತ್ರೆ ಕಾಫಿ ಜೊತೆನೇ ಹೋಗುತ್ತದೆ, ಆಮೇಲೆ "ಡೋಸ್ ಏರಿಸಿದರೂ ಟಿಎಸ್‌ಎಚ್ ಇಳಿಯುತ್ತಿಲ್ಲ" ಅಂತ ಬರುತ್ತಾರೆ.

ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣದ ಮಾತ್ರೆ ಇದ್ದರೆ 4 ಗಂಟೆ ಅಂತರ ಕೊಡಿ. ಅವು ಹೊಟ್ಟೆಯಲ್ಲೇ ಥೈರಾಕ್ಸಿನ್ ಹಿಡಿದುಕೊಂಡುಬಿಡುತ್ತವೆ. ಬಸುರಿ ಹೆಂಗಸರು ಇದನ್ನು ತಪ್ಪದೆ ನೋಡಿಕೊಳ್ಳಬೇಕು, ಅವರಿಗೆ ಮೂರೂ ಒಟ್ಟಿಗೆ ಬರೆದಿರುತ್ತಾರೆ. ಮಗುವಿನ ಮೆದುಳು ಬೆಳೆಯಲು ಮೊದಲ ತಿಂಗಳುಗಳಲ್ಲಿ ತಾಯಿಯ ಥೈರಾಯ್ಡ್ ಹಾರ್ಮೋನೇ ಗತಿ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ರಕ್ತ ಕೊಡುವ ಮುಂಚೆ ಲ್ಯಾಬಿನವರಿಗೆ ಹೇಳಿ. ಅದು ಕೆಲವು ಪರೀಕ್ಷೆಗಳಲ್ಲಿ ತಪ್ಪು ಅಂಕಿ ತೋರಿಸುತ್ತದೆ.

ಹುಳಮನೆ_ಶಿಡ್ಲಘಟ್ಟ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಸಿಸ್ಟರ್ ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಆ ಏಳು ದಿನದ ಲೆಕ್ಕ ಕೇಳಿ ಸುಮ್ಮನೆ ಕೂತರು. ಡಾಕ್ಟರ್‌ಗೆ ಫೋನ್ ಮಾಡಿದೆವು, ಅದೇ ಡೋಸ್ ಮತ್ತೆ ಶುರು ಮಾಡಿ, 6 ವಾರ ಆದ ಮೇಲೆ ರಕ್ತ ಪರೀಕ್ಷೆ ಮಾಡಿಸಿ ಅಂದರು.

ಅಮ್ಮ ಕೇಳುತ್ತಿದ್ದಾರೆ: ರಾಗಿ ಮುದ್ದೆ ತಿನ್ನಬಹುದಾ? ಕೋಸು ಬಿಡಬೇಕಾ? ಯಾರೋ ಎರಡೂ ಬೇಡ ಅಂದಿದ್ದಾರಂತೆ. ಇವೆರಡೂ ಬಿಟ್ಟರೆ ನಮ್ಮ ಮನೆಯಲ್ಲಿ ಅಡುಗೆನೇ ಇಲ್ಲ.

ಡ್ಯೂಟಿ_ಸಿಸ್ಟರ್_ಕೋಲಾರ

ಧಾರಾಳವಾಗಿ ತಿನ್ನಲಿ. ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ, 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ. ಹಾಗಾಗಿ ಮಾತ್ರೆ ನುಂಗಿದ ಕೂಡಲೇ ರಾಗಿ ಗಂಜಿ ಕುಡಿಯುವುದು ಬೇಡ, ಅಷ್ಟೇ. ಮಧ್ಯಾಹ್ನದ ಮುದ್ದೆಗೆ ಯಾವ ಅಡ್ಡಿಯೂ ಇಲ್ಲ. ಕೋಸು, ಹೂಕೋಸಿನಲ್ಲಿ ಥೈರಾಯ್ಡ್ ಅಯೋಡಿನ್ ಹೀರುವುದನ್ನು ತಡೆಯುವ ಅಂಶ ಇರುವುದು ನಿಜ. ಬೇಯಿಸಿದರೆ ಬಹಳಷ್ಟು ಹೋಗುತ್ತದೆ. ಅಯೋಡಿನ್ ಉಪ್ಪು ತಿನ್ನುವವರು ಪಲ್ಯ ಸಾರಿಗೆ ಹಾಕುವಷ್ಟು ತಿಂದರೆ ಏನೂ ಆಗುವುದಿಲ್ಲ.

ಉಪ್ಪಿನ ಬಗ್ಗೆ ಒಂದು ಮಾತು. ಈಗ ಸೈಂಧವ ಲವಣ ಒಳ್ಳೇದು ಅಂತ ಎಲ್ಲರೂ ಅದಕ್ಕೆ ಬದಲಾಯಿಸುತ್ತಿದ್ದಾರೆ. ಸಂತೆಯಲ್ಲಿ ತರುವ ಬಿಡಿ ಕಲ್ಲುಪ್ಪೂ ಇದೆ. ಪೊಟ್ಟಣದ ಮೇಲೆ ಅಯೋಡಿನ್ ಸೇರಿಸಿದೆ ಅಂತ ಬರೆದಿಲ್ಲದಿದ್ದರೆ ಅದರಿಂದ ಬೇಕಾದಷ್ಟು ಅಯೋಡಿನ್ ಸಿಗುವುದಿಲ್ಲ. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಬಸುರಿಯರಿಗೆ 250 ಬೇಕು.

ಮೇಷ್ಟ್ರು_ಚಿಂತಾಮಣಿ

ಉಪ್ಪಿನ ಮಾತು ಬಂದಿದ್ದಕ್ಕೆ ಇದನ್ನು ಹೇಳಲೇಬೇಕು. 1956ರಿಂದ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಅವರ ತಂಡ ಒಂದು ದೊಡ್ಡ ಪ್ರಯೋಗ ಮಾಡಿತು. ಅಲ್ಲಿ ಗಳಗಂಡ, ಅಂದರೆ ಥೈರಾಯ್ಡ್ ಬೆಳೆದು ಗಂಟಲು ಊದುವುದು, ಮನೆಮನೆಯಲ್ಲೂ ಇತ್ತು. ಕೆಲವು ಪ್ರದೇಶಕ್ಕೆ ಅಯೋಡಿನ್ ಸೇರಿಸಿದ ಉಪ್ಪು, ಒಂದು ಪ್ರದೇಶಕ್ಕೆ ಮಾಮೂಲಿ ಉಪ್ಪು ಕೊಟ್ಟು ವರ್ಷಗಟ್ಟಲೆ ನೋಡಿದರು. ಅಯೋಡಿನ್ ಉಪ್ಪು ತಿಂದ ಕಡೆ ಗಳಗಂಡ ಚೆನ್ನಾಗಿ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ನಮ್ಮ ದೇಶದ ವಿಜ್ಞಾನದಲ್ಲಿ ಇಷ್ಟು ಕಮ್ಮಿ ಖರ್ಚಿನಲ್ಲಿ ಇಷ್ಟು ಜನರಿಗೆ ಮುಟ್ಟಿದ ಕೆಲಸ ಬಹಳ ಇಲ್ಲ.

ಗಂಟಲು ಊದುವುದಕ್ಕೂ ಅದೇ ಕಾರಣ ನೋಡಿ. ಅಯೋಡಿನ್ ಇಲ್ಲ, ಟಿ4 ಆಗುತ್ತಿಲ್ಲ, ಟಿಎಸ್‌ಎಚ್ ಏರುತ್ತದೆ, ಒತ್ತಾಯ ತಡೆಯಲಾರದೆ ಗ್ರಂಥಿ ಬೆಳೆಯುತ್ತಾ ಹೋಗುತ್ತದೆ.

ಮುಳಬಾಗಿಲು_ಕಡೆಯವಳು

ಇದನ್ನು ಬರೆಯಲೋ ಬೇಡವೋ ಅಂತ ಯೋಚನೆ ಮಾಡಿ ಬರೆಯುತ್ತಿದ್ದೇನೆ. ಟಿಎಸ್‌ಎಚ್ ಒಂದೇ ನೋಡಿ ನಿಶ್ಚಿಂತೆಯಾಗಿ ಇರಬೇಡಿ.

ನಮ್ಮ ಚಿಕ್ಕಮ್ಮನಿಗೆ ಎರಡನೇ ಹೆರಿಗೆ ಮನೆಯಲ್ಲೇ ಆಯಿತು. ತುಂಬ ರಕ್ತ ಹೋಯಿತು, ಪ್ರಜ್ಞೆ ತಪ್ಪಿತು, ಕೊನೆಗೆ ಟ್ರ್ಯಾಕ್ಟರಿನಲ್ಲಿ ಆಸ್ಪತ್ರೆಗೆ ಹೊತ್ತೊಯ್ದರು. ಜೀವ ಉಳಿಯಿತು. ಆದರೆ ಎದೆಯಲ್ಲಿ ಒಂದು ಹನಿ ಹಾಲು ಬರಲಿಲ್ಲ. ಮಗುವಿಗೆ ಹಸುವಿನ ಹಾಲು ಹಾಕಿ ಬೆಳೆಸಿದರು. ಮುಟ್ಟು ಮತ್ತೆ ಬರಲೇ ಇಲ್ಲ. ವಯಸ್ಸು ಇನ್ನೂ ಮೂವತ್ತೂ ಆಗಿರಲಿಲ್ಲ. ಹೊಲಕ್ಕೆ ಹೋದರೆ ಕಳೆ ತೆಗೆಯುತ್ತಾ ಅಲ್ಲೇ ಮಲಗಿಬಿಡುತ್ತಿದ್ದರು. ಊರವರು ಸೋಮಾರಿ ಅಂದರು. ಗಾಳಿ ಸೋಕಿದೆ ಅಂದರು, ತಾಯತ ಕಟ್ಟಿದರು. ಅತ್ತೆ ಮನೆಯವರ ಮಾತಂತೂ ಇಲ್ಲಿ ಬರೆಯುವಂಥದ್ದಲ್ಲ.

ಒಂದು ಶಿಬಿರದಲ್ಲಿ ಟಿಎಸ್‌ಎಚ್ ನೋಡಿದರು. ನಾರ್ಮಲ್. "ಥೈರಾಯ್ಡ್ ಇಲ್ಲ, ಊಟ ಸರಿಯಾಗಿ ಮಾಡಿ" ಅಂತ ಶಕ್ತಿ ಮಾತ್ರೆ ಕೊಟ್ಟು ಕಳಿಸಿದರು. ಹೀಗೇ ವರ್ಷಗಳು ಹೋದವು. ಆಮೇಲೆ ಒಂದು ಸಲ ಬರೀ ವಾಂತಿ ಭೇದಿಗೆ ಎದ್ದು ನಿಲ್ಲಲಾಗದ ಹಾಗೆ ಆಗಿ ದೊಡ್ಡ ಆಸ್ಪತ್ರೆಗೆ ಸೇರಿಸಿದಾಗ, ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ: "ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗಿತ್ತಾ? ಮಗುವಿಗೆ ಹಾಲು ಬಂತಾ?" ಅಷ್ಟು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ. ಅದಕ್ಕೆ ಶೀಹನ್ ಸಿಂಡ್ರೋಮ್ ಅಂತ ಹೆಸರಂತೆ. ಈಗ ಮಾತ್ರೆ ತಗೊಳ್ಳುತ್ತಿದ್ದಾರೆ, ಎದ್ದು ಓಡಾಡುತ್ತಾರೆ, ಹಸು ಕಟ್ಟಿದ್ದಾರೆ. ಆ ಹೋದ ವರ್ಷಗಳು ನೆನಪಾದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಮೇಷ್ಟ್ರು_ಚಿಂತಾಮಣಿ

ಅಮ್ಮಾ, ನೀವು ಬರೆದದ್ದು ಬಹಳ ಒಳ್ಳೆಯದಾಯಿತು. ನಾನು ಮೇಲೆ ಹೇಳಿದ ಲೆಕ್ಕ ಎಲ್ಲಿ ಕೆಲಸ ಮಾಡುವುದಿಲ್ಲ ಅನ್ನುವುದು ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಬಸುರಿನಲ್ಲಿ ಪಿಟ್ಯುಟರಿ ದೊಡ್ಡದಾಗುತ್ತದೆ, ಹಾಲಿಗೆ ಬೇಕಾದ ಪ್ರೊಲ್ಯಾಕ್ಟಿನ್ ತಯಾರು ಮಾಡಬೇಕಲ್ಲ. ಅದಕ್ಕೆ ರಕ್ತ ಜಾಸ್ತಿ ಬೇಕು. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಬಿಪಿ ಬಿದ್ದುಹೋದರೆ ಆ ಗ್ರಂಥಿಗೆ ರಕ್ತ ಸಿಗದೆ ಅದರ ಭಾಗಗಳು ಸಾಯುತ್ತವೆ. ಇಂಗ್ಲೆಂಡಿನ ಹೆರಾಲ್ಡ್ ಶೀಹನ್ 1937ರಲ್ಲಿ ಇದನ್ನು ವಿವರಿಸಿದರು. ಪ್ರೊಲ್ಯಾಕ್ಟಿನ್ ಹೋಯಿತು, ಹಾಲು ಇಲ್ಲ. ಅಂಡಾಶಯಕ್ಕೆ ಹೇಳುವ ಎಫ್‌ಎಸ್‌ಎಚ್, ಎಲ್‌ಎಚ್ ಹೋಯಿತು, ಮುಟ್ಟು ಇಲ್ಲ. ಅಡ್ರಿನಲ್‌ಗೆ ಹೇಳುವ ಎಸಿಟಿಎಚ್ ಹೋಯಿತು, ಅಡ್ರಿನಲ್ ಸುಮ್ಮನಾಯಿತು, ಚಿಕ್ಕ ಕಾಯಿಲೆಗೂ ಬಿಪಿ ಕುಸಿಯುತ್ತದೆ. ಟಿಎಸ್‌ಎಚ್ ಕೂಡ ಹೋಯಿತು, ಥೈರಾಯ್ಡ್ ಕೆಲಸ ನಿಲ್ಲಿಸಿತು. ಥೈರಾಯ್ಡ್ ಚೆನ್ನಾಗಿಯೇ ಇದೆ, ಅದಕ್ಕೆ ಹೇಳುವವರು ಇಲ್ಲ.

ಈಗ ಟಿ4 ಕಮ್ಮಿ ಇದ್ದರೂ ಟಿಎಸ್‌ಎಚ್ ಏರುವುದಿಲ್ಲ, ಯಾಕಂದರೆ ಏರಿಸಬೇಕಾದ ಪಿಟ್ಯುಟರಿಯೇ ಸೋತಿದೆ. ಕಾಗದದ ಮೇಲೆ ನಾರ್ಮಲ್ ಅಂತಲೇ ಬರಬಹುದು. ಎರಡು ಅಂಕಿಯನ್ನೂ ಜೊತೆಗೆ ಇಟ್ಟು ಓದಬೇಕು ಅನ್ನುವುದು ಇದಕ್ಕೇ. ಟಿಎಸ್‌ಎಚ್ ಜಾಸ್ತಿ, ಟಿ4 ಕಮ್ಮಿ ಇದ್ದರೆ ತೊಂದರೆ ಕತ್ತಿನಲ್ಲಿ. ಟಿ4 ಕಮ್ಮಿ, ಟಿಎಸ್‌ಎಚ್ ಮಾತ್ರ ಏರಿಲ್ಲ ಅಂದರೆ ತಲೆಯ ಕಡೆ ನೋಡಬೇಕು.

ಡ್ಯೂಟಿ_ಸಿಸ್ಟರ್_ಕೋಲಾರ

ಇದಕ್ಕೆ ಒಂದು ಅಪಾಯದ ವಿಷಯ ಸೇರಿಸುತ್ತೇನೆ. ಇಂಥವರಿಗೆ ಥೈರಾಯ್ಡ್ ಮಾತ್ರೆ ಮೊದಲು ಕೊಡುವ ಹಾಗಿಲ್ಲ. ಅಡ್ರಿನಲ್ ಮಾಡುವ ಕಾರ್ಟಿಸಾಲ್ ಹಾರ್ಮೋನ್ ಕಮ್ಮಿ ಇದ್ದು ಬರೀ ಥೈರಾಕ್ಸಿನ್ ಕೊಟ್ಟರೆ ಇರುವ ಸ್ವಲ್ಪ ಕಾರ್ಟಿಸಾಲ್ ಕೂಡ ಬೇಗ ಖರ್ಚಾಗಿ ಪ್ರಾಣಕ್ಕೆ ಬರಬಹುದು. ಮೊದಲು ಸ್ಟೀರಾಯ್ಡ್ ಕೊಟ್ಟು ಆಮೇಲೆ ಥೈರಾಕ್ಸಿನ್. ಹಾಗಾಗಿ ಪಕ್ಕದ ಮನೆಯವರ ಥೈರಾಯ್ಡ್ ಮಾತ್ರೆಯನ್ನು ಸುಸ್ತಿಗೆ ಅಂತ ಇಸಕೊಂಡು ನುಂಗುವುದನ್ನು ಮಾಡಲೇಬೇಡಿ.

ಹೆರಿಗೆಯಲ್ಲಿ ಜಾಸ್ತಿ ರಕ್ತ ಹೋಗಿದ್ದ, ಆಮೇಲೆ ಹಾಲು ಬಾರದ, ಮುಟ್ಟು ನಿಂತೇಹೋದ ಹೆಂಗಸರು ನಿಮ್ಮ ಮನೆಯಲ್ಲೋ ಊರಲ್ಲೋ ಇದ್ದರೆ, ಎಷ್ಟೇ ವರ್ಷ ಆಗಿರಲಿ, ಡಾಕ್ಟರ್ ಹತ್ತಿರ ಈ ಮೂರನ್ನೂ ಒಟ್ಟಿಗೆ ಹೇಳಿ. ಆಶಾ ಕಾರ್ಯಕರ್ತೆಯರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮ್ಮ ಮನೆ ಭೇಟಿಯಲ್ಲಿ ಒಂದು ಮಾತು ಕೇಳಿ ನೋಡಿ.

ಬಾಗೇಪಲ್ಲಿ_ಹುಡುಗ

ಸ್ಟೀರಾಯ್ಡ್ ಅಂದ ತಕ್ಷಣ ಕೇಳಬೇಕು ಅನ್ನಿಸಿತು. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಅಜ್ಜಿಗೆ ಬೆನ್ನು ಮಂಡಿ ಎಲ್ಲ ಹಿಡಿದುಕೊಂಡಿದೆ. ಒಬ್ಬರ ಹತ್ತಿರ ಪುಡಿ ತರುತ್ತಾರೆ, ಕಾಗದದ ಪೊಟ್ಟಣ, ಹೆಸರಿಲ್ಲ. ತಿಂದರೆ ಎರಡೇ ದಿನದಲ್ಲಿ ನೋವು ಮಾಯ. ಈಚೆಗೆ ಮುಖ ದುಂಡಗೆ ಊದಿದೆ, ಚರ್ಮ ಮುಟ್ಟಿದರೆ ಕಪ್ಪಾಗುತ್ತದೆ, ಸಕ್ಕರೆನೂ ಬಂದಿದೆ. ಅದರಲ್ಲಿ ಸ್ಟೀರಾಯ್ಡ್ ಇರಬಹುದಾ? ನಿಲ್ಲಿಸಿಬಿಡಲಾ?

ಔಷಧಿ_ಅಂಗಡಿ_ಗೌರಿಬಿದನೂರು

ತಮ್ಮಾ, ನೀನೇ ನಿಲ್ಲಿಸಬೇಡ! ಆ ಪೊಟ್ಟಣ ಹಿಡಿದುಕೊಂಡು ನಾಳೆಯೇ ಅಜ್ಜಿಯನ್ನು ಡಾಕ್ಟರ್ ಹತ್ತಿರ ಕರ್ಕೊಂಡು ಹೋಗು.

ನೀನು ಹೇಳಿದ ಮೂರೂ ಲಕ್ಷಣ ಸ್ಟೀರಾಯ್ಡ್ ಜಾಸ್ತಿ ದಿನ ತಿಂದವರಲ್ಲಿ ಬರುವಂಥವೇ. ಅಡ್ರಿನಲ್ ಗ್ರಂಥಿಗಳು ಎರಡು, ಒಂದೊಂದು ಕಿಡ್ನಿಯ ಮೇಲೆ ಒಂದೊಂದು. ಅವು ಕಾರ್ಟಿಸಾಲ್ ಮಾಡುತ್ತವೆ, ಅದು ನಮ್ಮದೇ ದೇಹದ ಸ್ಟೀರಾಯ್ಡ್. ಬೆಳಗಿನ ಹೊತ್ತು ಜಾಸ್ತಿ, ರಾತ್ರಿ ಕಮ್ಮಿ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಲೇ ಇದ್ದರೆ ಪಿಟ್ಯುಟರಿ ಎಸಿಟಿಎಚ್ ಕಳಿಸುವುದನ್ನು ನಿಲ್ಲಿಸುತ್ತದೆ. ಅಡ್ರಿನಲ್ ಕುಗ್ಗಿಹೋಗುತ್ತದೆ. ಆಗ ಒಂದೇ ಸಲ ಪುಡಿ ಬಿಟ್ಟರೆ ಒಳಗಿನದೂ ಇಲ್ಲ, ಹೊರಗಿನದೂ ಇಲ್ಲ. ವಾಂತಿ, ನಿಶ್ಶಕ್ತಿ, ಬಿಪಿ ಕುಸಿದು ಬೀಳುವುದು, ಜೀವಕ್ಕೇ ಅಪಾಯ. ಡಾಕ್ಟರ್ ಲೆಕ್ಕ ಹಾಕಿ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ, ಗ್ರಂಥಿ ಮತ್ತೆ ಎಚ್ಚರ ಆಗಲು ತಿಂಗಳುಗಳೇ ಹಿಡಿಯಬಹುದು.

ಸ್ಟೀರಾಯ್ಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಉಬ್ಬಸಕ್ಕೆ, ಎಷ್ಟೋ ಕಾಯಿಲೆಗೆ ಅದೇ ಜೀವ ಉಳಿಸುತ್ತದೆ. ಏನು ಕೊಡುತ್ತಿದ್ದೇವೆ ಅಂತ ಹೇಳದೆ ಪೊಟ್ಟಣ ಕಟ್ಟಿ ಕೊಡುವುದು ಮಾತ್ರ ದೊಡ್ಡ ಅನ್ಯಾಯ.

ಮೇಷ್ಟ್ರು_ಚಿಂತಾಮಣಿ

ಫ್ಲೋರೈಡಿಗೂ ಗ್ರಂಥಿಗೂ ಸಂಬಂಧ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 1.5 ತನಕ. ಬಾಗೇಪಲ್ಲಿ, ಗುಡಿಬಂಡೆ, ಪಾವಗಡ ಕಡೆಯ ಎಷ್ಟೋ ಬೋರ್‌ವೆಲ್ ಅದನ್ನು ದಾಟುತ್ತವೆ. ಫ್ಲೋರೈಡ್ ಮೂಳೆಯಲ್ಲಿ ಸೇರಿಕೊಂಡು ಕ್ಯಾಲ್ಸಿಯಂನ ವ್ಯವಹಾರ ಕೆಡಿಸುತ್ತದೆ, ರಕ್ತದ ಕ್ಯಾಲ್ಸಿಯಂ ಕಾಪಾಡಲು ಪ್ಯಾರಾಥೈರಾಯ್ಡ್ ಜಾಸ್ತಿ ದುಡಿಯಬೇಕಾಗುತ್ತದೆ. ಮೂಳೆಯ ಫ್ಲೋರೋಸಿಸ್ ಇರುವವರಲ್ಲಿ ಈ ಹಾರ್ಮೋನ್ ಏರಿರುವುದನ್ನು ನಮ್ಮ ದೇಶದ ವೈದ್ಯರು 1973ರಲ್ಲೇ ಬರೆದಿದ್ದಾರೆ. ಅಜ್ಜಿಗೆ ಶುದ್ಧ ಮಾಡಿದ ನೀರು, ರಾಗಿ, ಹಾಲು, ಸೊಪ್ಪು ಕೊಡಿ. ಪುಡಿಯ ಸ್ಟೀರಾಯ್ಡ್ ಮೂಳೆಯನ್ನು ಇನ್ನಷ್ಟು ಸವೆಸುತ್ತದೆ.

ತುಮಕೂರು_ಹಾಸ್ಟೆಲ್

ಅಕ್ಕಂದಿರೇ, ನನ್ನದೊಂದು. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ. ಸ್ಕ್ಯಾನಿಂಗ್‌ನಲ್ಲಿ ಅಂಡಾಶಯದಲ್ಲಿ ಗುಳ್ಳೆ ಕಂಡಿದೆ, ಪಿಸಿಒಎಸ್ ಅಂದಿದ್ದಾರೆ. ಮದುವೆ ಆದರೆ ಸರಿ ಹೋಗುತ್ತದೆ ಅಂತ ಮನೆಯಲ್ಲಿ ಹೇಳುತ್ತಾರೆ.

ಡ್ಯೂಟಿ_ಸಿಸ್ಟರ್_ಕೋಲಾರ

ಮದುವೆಯಿಂದ ಯಾವ ಹಾರ್ಮೋನೂ ಸರಿ ಹೋಗುವುದಿಲ್ಲ ಪುಟ್ಟಾ. ಸ್ಕ್ಯಾನಿಂಗ್ ಒಂದರಿಂದಲೇ ಪಿಸಿಒಎಸ್ ಅಂತ ಹೇಳಲು ಬರುವುದಿಲ್ಲ. ಮುಟ್ಟಿನ ಏರುಪೇರು, ಗಂಡು ಹಾರ್ಮೋನ್ ಜಾಸ್ತಿ ಇರುವ ಗುರುತು, ಸ್ಕ್ಯಾನಿಂಗ್, ಈ ಮೂರರಲ್ಲಿ ಎರಡಾದರೂ ಇರಬೇಕು. ಟಿಎಸ್‌ಎಚ್, ಪ್ರೊಲ್ಯಾಕ್ಟಿನ್ ಕೂಡ ನೋಡಬೇಕು, ಅವು ಕೆಟ್ಟರೂ ಮುಟ್ಟು ಹೀಗೇ ತಪ್ಪುತ್ತದೆ. ಬಹಳ ಜನರಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ಅದರ ಮಟ್ಟ ಏರಿ, ಅದೇ ಅಂಡಾಶಯಕ್ಕೆ ಗಂಡು ಹಾರ್ಮೋನ್ ಜಾಸ್ತಿ ಮಾಡಿಸುತ್ತದೆ. ತೂಕ ಇದ್ದರೆ ಸ್ವಲ್ಪ ಇಳಿಸಿದರೂ ಮುಟ್ಟು ದಾರಿಗೆ ಬರುವುದುಂಟು. ಹೆಂಗಸರ ಡಾಕ್ಟರನ್ನು ನೋಡು, ನಾಚಿಕೆ ಬೇಡ.

ಮಾಲೂರು_ಅಮ್ಮ

ಮಾತ್ರೆ ಬಿಡುವ ಮಾತು ಓದಿ ನನಗೆ ಎದೆ ಝಲ್ಲೆಂದಿತು. ನನ್ನ ಮಗಳಿಗೆ ಟೈಪ್ 1 ಸಕ್ಕರೆ ಕಾಯಿಲೆ, ಚಿಕ್ಕಂದಿನಿಂದ ಇನ್ಸುಲಿನ್. ಅವಳ ಪ್ಯಾಂಕ್ರಿಯಾಸ್‌ನಲ್ಲಿ ಇನ್ಸುಲಿನ್ ಮಾಡುವ ಬೀಟಾ ಕೋಶಗಳು ಹೋಗಿಬಿಟ್ಟಿವೆ. "ಚುಚ್ಚಬೇಡಿ, ಕಷಾಯ ಕೊಡಿ" ಅಂತ ಎಷ್ಟು ಜನ ಹೇಳಿದ್ದಾರೆ! ಥೈರಾಯ್ಡ್ ಮಾತ್ರೆ ಬಿಟ್ಟರೆ ವಾರಗಳು ಸಿಗುತ್ತವೆ. ಟೈಪ್ 1ರಲ್ಲಿ ಇನ್ಸುಲಿನ್ ಬಿಟ್ಟರೆ ಒಂದೆರಡು ದಿನದಲ್ಲೇ ವಾಂತಿ, ಏದುಸಿರು, ರಕ್ತ ಹುಳಿಯಾಗಿ ಐಸಿಯು. ಇನ್ಸುಲಿನ್ ಒಂದು ಪ್ರೊಟೀನ್, ಬಾಯಿಂದ ಕೊಟ್ಟರೆ ಹೊಟ್ಟೆಯಲ್ಲಿ ಜೀರ್ಣ ಆಗಿಹೋಗುತ್ತದೆ, ಅದಕ್ಕೇ ಸೂಜಿ.

1922ರ ಜನವರಿಯಲ್ಲಿ ಟೊರೊಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಅನ್ನುವ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಅದಕ್ಕೂ ಮುಂಚೆ ಇಂಥ ಮಕ್ಕಳನ್ನು ಉಪವಾಸ ಇಟ್ಟು ಕೆಲವು ದಿನ ಹೆಚ್ಚು ಬದುಕಿಸುತ್ತಿದ್ದರು, ಅಷ್ಟೇ. ಬ್ಯಾಂಟಿಂಗ್ ಮತ್ತು ಮೆಕ್ಲಿಯೋಡ್ ಅವರಿಗೆ 1923ರಲ್ಲಿ ನೊಬೆಲ್ ಬಂತು. ಮಗಳಿಗೆ ಈ ಕಥೆ ಹೇಳಿದ್ದೇನೆ, ಅವಳಿಗೆ ಬಾಯಿಪಾಠ.

ಚಂದ್ರಿಕೆ_ವಿಜಯಪುರ

ನಾನೂ ಹುಳ ಸಾಕುವವನು. ಹುಳಕ್ಕೂ ಹಾರ್ಮೋನ್ ಇರುತ್ತದಂತಲ್ಲ ಮೇಷ್ಟ್ರೇ? ಎಲ್ಲ ಒಟ್ಟಿಗೆ ಹಣ್ಣಾಗಲಿ, ಅಂದರೆ ಗೂಡು ಕಟ್ಟಲು ಸಿದ್ಧವಾಗಲಿ ಅಂತ ಸೊಪ್ಪಿಗೆ "ಸಂಪೂರ್ಣ" ಸಿಂಪಡಿಸುತ್ತೇವೆ. ಅದೂ ಹಾರ್ಮೋನೇ ಅಂತ ರೇಷ್ಮೆ ಇಲಾಖೆಯವರು ಹೇಳಿದ್ದರು. ಮನುಷ್ಯರಿಗೆ ತೊಂದರೆ ಇಲ್ಲವಾ?

ಮೇಷ್ಟ್ರು_ಚಿಂತಾಮಣಿ

ನಾನು ಕಾಯುತ್ತಿದ್ದ ಪ್ರಶ್ನೆ ಇದು. ನಮ್ಮ ಮಕ್ಕಳು ಮನೆಯ ತಟ್ಟೆಯಲ್ಲೇ ಇದನ್ನೆಲ್ಲ ನೋಡಿ ಬೆಳೆಯುತ್ತಾರೆ, ಪುಸ್ತಕದಲ್ಲಿ ಮಾತ್ರ ಅದರ ಸುದ್ದಿ ಇಲ್ಲ.

ಹುಳ ಪ್ರತಿ ಸಲ ಜ್ವರಕ್ಕೆ ಕೂರುವಾಗ, ಅಂದರೆ ಪೊರೆ ಬಿಡಲು ಮೇವು ನಿಲ್ಲಿಸಿ ಸುಮ್ಮನೆ ಕೂರುವಾಗ, ಅದರ ಮೆದುಳು ಒಂದು ಹಾರ್ಮೋನ್ ಬಿಡುತ್ತದೆ. ಅದು ಎದೆ ಭಾಗದ ಗ್ರಂಥಿಗೆ ಹೇಳುತ್ತದೆ. ಆ ಗ್ರಂಥಿ ಎಕ್ಡೈಸೋನ್ ಬಿಡುತ್ತದೆ, ಹುಳ ಪೊರೆ ಕಳಚುತ್ತದೆ. ಮೆದುಳು, ಗ್ರಂಥಿ, ಹಾರ್ಮೋನ್, ಅದೇ ಸಾಲು! ಮೆದುಳಿನ ಹಿಂದೆ ಇನ್ನೊಂದು ಜೋಡಿ ಗ್ರಂಥಿ ಇದೆ, ಅದು ಬಿಡುವ ಹಾರ್ಮೋನ್ ಇರುವ ತನಕ ಪೊರೆ ಕಳಚಿದರೂ ಹುಳ ಹುಳವಾಗಿಯೇ ಇರುತ್ತದೆ. ನಾಲ್ಕನೇ ಜ್ವರ ಎದ್ದ ಮೇಲೆ ಅದು ಇಳಿದುಹೋಗುತ್ತದೆ. ಆಮೇಲೆ ಎಕ್ಡೈಸೋನ್ ಏರಿದಾಗ ಹುಳ ಹಣ್ಣಾಗಿ ಗೂಡು ಕಟ್ಟುತ್ತದೆ. ಸಂಪೂರ್ಣದಲ್ಲಿ ಇರುವುದು ಗಿಡದಿಂದ ತೆಗೆದ, ಎಕ್ಡೈಸೋನ್ ಜಾತಿಯ ವಸ್ತು, ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯದು. ಎಕ್ಡೈಸೋನ್ ನಮ್ಮ ಗ್ರಂಥಿಗಳ ಹಾರ್ಮೋನ್ ಅಲ್ಲ, ಮನುಷ್ಯ ಪೊರೆ ಕಳಚುವುದಿಲ್ಲವಲ್ಲ. ಆದರೂ ಸಿಂಪಡಿಸುವಾಗ ಪೊಟ್ಟಣದ ಮೇಲಿನ ಸೂಚನೆ ನೋಡಿಕೊಂಡು ಮಾಡಿ, ಕೈ ತೊಳೆದುಕೊಳ್ಳಿ.

ಇನ್ನೂ ಒಂದು ಸಂಗತಿ. ಎಕ್ಡೈಸೋನ್ ಮೊದಲು ಸಿಕ್ಕಿದ್ದು ರೇಷ್ಮೆ ಹುಳದಲ್ಲೇ. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್ಸನ್ ಸುಮಾರು 500 ಕೆಜಿ ರೇಷ್ಮೆ ಕೋಶದ ಹುಳದಿಂದ ಬರೀ 25 ಮಿಲಿಗ್ರಾಂ ಹರಳು ತೆಗೆದರು. ಶಿಡ್ಲಘಟ್ಟದಲ್ಲಿ ಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆ ಘಟಕಗಳಲ್ಲಿ ಕುದಿದು ಉಳಿಯುವ ಹುಳದ ರಾಶಿ ನೋಡಿದಾಗಲೆಲ್ಲ ನನಗೆ ಈ ಅಂಕಿ ನೆನಪಾಗುತ್ತದೆ. ಹಾರ್ಮೋನ್ ಎಷ್ಟು ಕಮ್ಮಿ ಇದ್ದು ಎಷ್ಟು ದೊಡ್ಡ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ನಮ್ಮ ಥೈರಾಯ್ಡ್ ಹಾರ್ಮೋನಿಗೂ ಇಂಥದ್ದೇ ಒಂದು ಕೆಲಸ ಇದೆ. ಕೆರೆಯ ಗೊದಮೊಟ್ಟೆ ಕಪ್ಪೆ ಆಗಲು ಅದೇ ಬೇಕು. 1912ರಲ್ಲಿ ಗುಡರ್ನಾಚ್ ಅನ್ನುವ ವಿಜ್ಞಾನಿ ಗೊದಮೊಟ್ಟೆಗಳಿಗೆ ಕುದುರೆಯ ಥೈರಾಯ್ಡ್ ತಿನ್ನಿಸಿದರು, ಅವು ಬೆಳೆಯುವ ಮೊದಲೇ ಪುಟ್ಟ ಪುಟ್ಟ ಕಪ್ಪೆಗಳಾದವು.

ಹುಳಮನೆ_ಶಿಡ್ಲಘಟ್ಟ

ತಮ್ಮ ಇದನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತಿದ್ದಾನೆ. ಐದನೇ ಹಂತದ ಹುಳ ಈಗ ಮನೆಯಲ್ಲೇ ಇವೆ, ಎದೆ ಭಾಗದ ಗ್ರಂಥಿ ಎಲ್ಲಿದೆ ತೋರಿಸಿ ಅಂತ ನಿಮ್ಮನ್ನು ಕೇಳು ಅಂದ. ಮುಳಬಾಗಿಲು ಅಕ್ಕನ ಚಿಕ್ಕಮ್ಮನ ವಿಷಯ ಓದಿ ಅಮ್ಮ ಅತ್ತರು. ನಮ್ಮೂರಲ್ಲೂ ಹಾಗೇ ಹಾಲು ಬಾರದೆ ಬೈಗುಳ ತಿಂದ ಒಬ್ಬರು ಇದ್ದಾರೆ. ಅಮ್ಮನೇ ಅವರ ಮನೆಗೆ ಹೋಗಿ ಮಾತಾಡುತ್ತೇನೆ ಅಂದಿದ್ದಾರೆ.

ಸಿಸ್ಟರ್, ಕೊನೆಯದಾಗಿ ಎರಡು ವಿಷಯ. ರಕ್ತ ಕೊಡುವ ದಿನ ಮಾತ್ರೆ ತಗೊಂಡು ಹೋಗಬೇಕಾ? ಒಂದು ದಿನ ಮರೆತರೆ ಏನು ಮಾಡಬೇಕು?

ಡ್ಯೂಟಿ_ಸಿಸ್ಟರ್_ಕೋಲಾರ

ಮಾತ್ರೆ ಜೊತೆಯಲ್ಲಿ ಇಟ್ಟುಕೊಂಡು ಹೋಗಲಿ, ರಕ್ತ ಕೊಟ್ಟ ಮೇಲೆ ನುಂಗಲಿ. ಮೊದಲೇ ನುಂಗಿದರೆ ಆ ಹೊತ್ತಿಗೆ ಟಿ4 ಸ್ವಲ್ಪ ಏರಿ ಕಾಣಬಹುದು. ಮರೆತರೆ ಅದೇ ದಿನ ನೆನಪಾದಾಗ ತಗೊಳ್ಳಲಿ, ಆದಷ್ಟು ಹೊಟ್ಟೆ ಖಾಲಿ ಇರುವಾಗ. ಮಾತ್ರೆ ಡಬ್ಬಿ ಒಲೆ ಪಕ್ಕದ ಗೂಡಿನಲ್ಲಿ ಇಡಬೇಡಿ, ಬಿಸಿಗೂ ತೇವಕ್ಕೂ ಅದು ಕೆಡುತ್ತದೆ. ಪರೀಕ್ಷೆ ಬರೆಸುವಾಗ ಈ ಸಲ ಟಿಎಸ್‌ಎಚ್ ಜೊತೆ ಫ್ರೀ ಟಿ4 ಕೂಡ ಬರೆದುಕೊಡಿ ಅಂತ ಡಾಕ್ಟರನ್ನು ಕೇಳಿ. ಆ ಊರಿನ ಅಕ್ಕನನ್ನು ಕರೆದುಕೊಂಡು ಹೋಗುವುದಾದರೆ ಬೆಳಗ್ಗೆ 8 ಗಂಟೆ ಹೊತ್ತಿಗೆ ಹೋಗಿ, ಕಾರ್ಟಿಸಾಲ್ ಆ ಹೊತ್ತಿನಲ್ಲೇ ನೋಡಬೇಕು.